ದಾರಿಯ ತಂಪು: ಮೋರಟಗಿ ಸೀಮೆಯ ಪಯಣಿಗರ ತತ್ರಾಣಿ, ಬುತ್ತಿ ಮತ್ತು ಫ್ರಿಜ್

ಮನೆಯನ್ನೇ ಗಾಡಿಯ ಮೇಲೆ ಹೇರಿಕೊಂಡು ಹೊರಡುವ ಸಂಸಾರಕ್ಕೆ ಹಾಸಿಗೆ, ಒಲೆ, ನೆರಳು ಇವುಗಳನ್ನು ಹೊಂದಿಸಿಕೊಳ್ಳುವುದು ಯಾವ ಕಾಲದಲ್ಲಿಯೂ ಬಹಳ ಕಷ್ಟವಾಗಿರಲಿಲ್ಲ; ಕುಡಿಯುವ ನೀರನ್ನು ತಣ್ಣಗೆ ಇಡುವುದು ಮತ್ತು ಅನ್ನವನ್ನು ಹಳಸದಂತೆ ಕಾಯುವುದು ಮಾತ್ರ ಎಲ್ಲ ಕಾಲದಲ್ಲಿಯೂ ಕಷ್ಟವೇ ಆಗಿತ್ತು. ಮಲಗಲು, ಅಡಿಗೆ ಮಾಡಲು, ಮೈತೊಳೆಯಲು ಬೇಕಾದ ಅನುಕೂಲಗಳೆಲ್ಲ ಒಂದೇ ಮೋಟಾರು ವಾಹನದೊಳಗೆ ಅಡಕವಾಗಿರುವ, ಇಂದು ಕ್ಯಾರವಾನ್ ಎಂಬ ಹೆಸರಿನಿಂದ ಕನ್ನಡಿಗರಿಗೆ ಪರಿಚಿತವಾಗಿರುವ ಸಂಚಾರಿ ಮನೆಯಲ್ಲಿ ಮನೆಬಳಕೆಯ ಫ್ರಿಜ್ಜನ್ನು ಇಟ್ಟು ಓಡಿಸುವ ಪ್ರಯತ್ನವು ಈ ಹಳೆಯ ಕಷ್ಟಕ್ಕೆ ದೊರೆತ ಹೊಸ ಉತ್ತರವಾಗಿದೆ. ವಿಜಯಪುರ ಜಿಲ್ಲೆಯ ಪೂರ್ವದಲ್ಲಿ, ಉತ್ತರಕ್ಕೆ ಭೀಮೆ ಮತ್ತು ದಕ್ಷಿಣಕ್ಕೆ ಡೋಣಿ ಹರಿಯುವ ಕರಿಮಣ್ಣಿನ ಬಯಲಿನಲ್ಲಿ, ಸಿಂದಗಿಯಿಂದ ಜೇವರ್ಗಿಯ ಕಡೆಗೆ ಸಾಗುವ ದಾರಿಯಲ್ಲಿರುವ ಮೋರಟಗಿಯ ಸೀಮೆಯಲ್ಲಿ ಇದೇ ಕಷ್ಟಕ್ಕೆ ಬೇರೆ ಬೇರೆ ಕಾಲದಲ್ಲಿ ದೊರೆತ ಉತ್ತರಗಳನ್ನು ಸಾಲಾಗಿ ಇಟ್ಟು ನೋಡಿದರೆ, ತಂಪು ಮಾಡುವ ಪ್ರತಿಯೊಂದು ಸಾಧನವೂ ನಡಿಗೆಯೊಂದಿಗೆ ಒಂದು ಬಗೆಯ ಒಪ್ಪಂದವನ್ನೂ ನಿಲುಗಡೆಯೊಂದಿಗೆ ಇನ್ನೊಂದು ಬಗೆಯ ಒಪ್ಪಂದವನ್ನೂ ಮಾಡಿಕೊಂಡಿರುವುದು ಕಂಡುಬರುತ್ತದೆ.

ಈ ಸೀಮೆಯಲ್ಲಿ ಸಂಚಾರಿ ಮನೆಯ ಮೊದಲ ರೂಪವೆಂದರೆ ಕೊಲ್ಲಾರಿ ಹೂಡಿದ ಚಕ್ಕಡಿ. ಚಕ್ಕಡಿ ಎಂದರೆ ಎತ್ತಿನ ಬಂಡಿ; ಕೊಲ್ಲಾರಿ ಎಂದರೆ ಅದರ ಮೇಲೆ ಕಮಾನಿನಂತೆ ಬಗ್ಗಿಸಿ ಕಟ್ಟುವ ಬಿದಿರು ಮತ್ತು ಚಾಪೆಯ ಮಾಡು. ಸವದತ್ತಿಯ ಯಲ್ಲಮ್ಮನ ಜಾತ್ರೆಗೆ, ಭೀಮಾತೀರದ ಗಾಣಗಾಪುರಕ್ಕೆ, ಘತ್ತರಗಿಯ ಭಾಗ್ಯವಂತಿಗೆ, ಆಷಾಢ ಏಕಾದಶಿಯ ಹೊತ್ತಿಗೆ ಪಂಢರಪುರಕ್ಕೆ ಹೊರಡುವ ಮನೆತನಗಳು ಮುದುಕರನ್ನೂ ಮಕ್ಕಳನ್ನೂ ಪಾತ್ರೆಪಗಡೆಗಳನ್ನೂ ಎತ್ತುಗಳ ಮೇವನ್ನೂ ಈ ಮಾಡಿನ ಕೆಳಗೆ ತುಂಬಿಕೊಂಡು ದಿನಗಟ್ಟಲೆ ದಾರಿ ಸವೆಸುತ್ತಿದ್ದವು. ಯುಗಾದಿಗೆ ಮುಂಚೆ ಕಂಬಿಯನ್ನು, ಅಂದರೆ ಹೆಗಲ ಮೇಲಿನ ಕಾವಡಿಯನ್ನು, ಹೊತ್ತು ಶ್ರೀಶೈಲಕ್ಕೆ ನಡೆದು ಹೋಗುವ ಭಕ್ತರ ಪದ್ಧತಿ ಇಂದಿಗೂ ನಿಂತಿಲ್ಲ. ಈ ಯಾತ್ರೆಗಳಲ್ಲಿ ಶ್ರೀಶೈಲದ ದಾರಿ ಬೇಸಿಗೆಯ ಬಾಯಿಗೇ ಬೀಳುತ್ತದೆ ಎಂಬುದನ್ನು ಗಮನಿಸಬೇಕು. ಫಾಲ್ಗುಣದ ಕೊನೆಯ ಬಿಸಿಲಿನಲ್ಲಿ, ಮರಗಳು ವಿರಳವಾದ ಎರೆಹೊಲಗಳ ನಡುವೆ ನಡೆಯುವವರಿಗೆ ತಣ್ಣೀರು ಪ್ರಾಣ ಉಳಿಸುವ ವಸ್ತುವೇ ಆಗಿತ್ತು.

ಆ ತಣ್ಣೀರನ್ನು ಕೊಡುತ್ತಿದ್ದುದು ತತ್ರಾಣಿ. ಹೊಲಕ್ಕೂ ದೂರದ ದಾರಿಗೂ ನೀರು ಒಯ್ಯಲೆಂದೇ ಕುಂಬಾರರು ಮಾಡಿಕೊಡುತ್ತಿದ್ದ ಕಿರುಬಾಯಿಯ ಮಣ್ಣಿನ ಪಾತ್ರೆಗೆ ಉತ್ತರ ಕರ್ನಾಟಕದಲ್ಲಿ ಈ ಹೆಸರು. ಮನೆಯಲ್ಲಿ ನೀರು ತುಂಬಿಡುವ ಹರವಿ ಮತ್ತು ಕೊಡಗಳಿಗಿಂತ ಇದರ ಬಾಯಿ ಸಣ್ಣದು. ಗಾಡಿ ಕುಲುಕಿದರೂ ನೀರು ಚೆಲ್ಲದಿರಲಿ ಮತ್ತು ಧೂಳು ಒಳಗೆ ಸೇರದಿರಲಿ ಎಂಬುದು ಆ ಆಕಾರದ ಉದ್ದೇಶ. ಆವಿಗೆಯಲ್ಲಿ, ಅಂದರೆ ಕುಂಬಾರನ ಸುಡುಗೂಡಿನಲ್ಲಿ, ಹದವಾದ ಬೆಂಕಿಗೆ ಬೆಂದ ಮಣ್ಣಿನ ಮೈಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ರಂಧ್ರಗಳು ಉಳಿಯುತ್ತವೆ. ಒಳಗಿನ ನೀರು ಆ ರಂಧ್ರಗಳ ಮೂಲಕ ಹೊರಮೈಗೆ ಜಿನುಗಿ, ಒಣಗಾಳಿಗೆ ಆವಿಯಾಗಿ ಹೋಗುವಾಗ ತನಗೆ ಬೇಕಾದ ಶಾಖವನ್ನು ಒಳಗೆ ಉಳಿದ ನೀರಿನಿಂದಲೇ ಕಿತ್ತುಕೊಳ್ಳುತ್ತದೆ. ಹೀಗೆ ಕಿತ್ತುಕೊಳ್ಳುವ ಶಾಖ ಅಲ್ಪವಲ್ಲ. ಒಂದು ಕಿಲೋ ಮಂಜುಗಡ್ಡೆ ಕರಗುವಾಗ ಹೀರುವ ಶಾಖ ಸುಮಾರು 334 ಕಿಲೋಜೂಲ್ ಆದರೆ, ಒಂದು ಲೀಟರು ನೀರು ಆವಿಯಾಗುವಾಗ ಹೀರುವ ಶಾಖ 2,400 ಕಿಲೋಜೂಲನ್ನು ಮೀರುತ್ತದೆ. ಎಂದರೆ ತತ್ರಾಣಿಯ ಮೈಯಿಂದ ಆರಿಹೋದ ಒಂದು ಲೀಟರು ನೀರು ಏಳು ಕಿಲೋ ಮಂಜುಗಡ್ಡೆಯ ಕೆಲಸವನ್ನು ಸದ್ದಿಲ್ಲದೆ ಮಾಡಿ ಮುಗಿಸಿರುತ್ತದೆ.

ಆದರೆ ಈ ವಿದ್ಯೆ ಎಲ್ಲ ಊರುಗಳಲ್ಲಿಯೂ ಒಂದೇ ಸಮನಾಗಿ ಫಲಿಸುವುದಿಲ್ಲ, ಮತ್ತು ಅದು ಮೋರಟಗಿಯಂಥ ಕಡೆ ಏಕೆ ಇಷ್ಟು ಬೇರುಬಿಟ್ಟಿತು ಎಂಬುದಕ್ಕೆ ಕಾರಣ ಇಲ್ಲಿಯೇ ಇದೆ. ತಾಪಮಾಪಕದ ತುದಿಗೆ ಒದ್ದೆ ಬಟ್ಟೆ ಸುತ್ತಿ ಗಾಳಿಗೆ ಹಿಡಿದಾಗ ಅದು ತೋರಿಸುವ ಮಟ್ಟಕ್ಕೆ ಹವಾಮಾನ ಶಾಸ್ತ್ರದಲ್ಲಿ ಆರ್ದ್ರಗೋಳ ಉಷ್ಣತೆ ಎಂದು ಹೆಸರು. ಆವಿಯಾಗುವಿಕೆಯಿಂದ ನೀರು ತಣ್ಣಗಾಗಬಹುದಾದ ಕೊನೆಯ ಮಿತಿ ಅದೇ. ಬೇಸಿಗೆಯ ಮಧ್ಯಾಹ್ನ ವಿಜಯಪುರದ ಬಯಲಿನಲ್ಲಿ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ಮುಟ್ಟಿ, ಗಾಳಿಯ ತೇವಾಂಶ ಶೇಕಡ 20ಕ್ಕೆ ಇಳಿದಿರುವಾಗ ಈ ಮಿತಿ 22 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಕರಾವಳಿಯಲ್ಲಿ 33 ಡಿಗ್ರಿಯ ಸೆಕೆಯೊಡನೆ ತೇವಾಂಶ ಶೇಕಡ 70 ಇದ್ದರೆ ಅದೇ ಮಿತಿ 28 ಡಿಗ್ರಿಗೆ ಏರುತ್ತದೆ. ಬಿಸಿಲು ಕಡಿಮೆಯಿರುವ ಮಂಗಳೂರಿಗಿಂತ ಬಿಸಿಲು ಸುಡುವ ಸಿಂದಗಿಯಲ್ಲಿ ಮಣ್ಣಿನ ಪಾತ್ರೆಯ ನೀರು ಹೆಚ್ಚು ತಣ್ಣಗಿರುತ್ತದೆ ಎಂಬ ಈ ಸಂಗತಿ, ಬರದ ನಾಡೆಂದು ಹೆಸರಾದ ಈ ಸೀಮೆಗೆ ಅದರ ಒಣಗಾಳಿಯೇ ಕೊಟ್ಟ ವರವೆಂದು ಹೇಳಬೇಕಾಗುತ್ತದೆ.

ಚಕ್ಕಡಿಯ ಪಕ್ಕಕ್ಕೆ ಕಟ್ಟಿದ ತತ್ರಾಣಿಗೆ ನಡಿಗೆ ಎಂದೂ ತೊಡಕಾಗಿರಲಿಲ್ಲ. ಗಾಡಿ ಸಾಗಿದಷ್ಟೂ ಗಾಳಿ ಅದರ ಮೈ ಸವರಿ ಆವಿಯನ್ನು ಒಯ್ಯುತ್ತಿತ್ತು, ಗಾಡಿ ಬಿಟ್ಟು ಬೇವಿನ ನೆರಳಿನಲ್ಲಿ ನಿಂತಾಗ ಬಿಸಿಲು ತಪ್ಪಿ ಇನ್ನೊಂದು ಬಗೆಯ ಅನುಕೂಲವಾಗುತ್ತಿತ್ತು. ಅದಕ್ಕೆ ತೊಡಕಾದದ್ದು ಈ ನೆಲದ ನೀರು. ಡೋಣಿಯ ದಂಡೆಯ ಊರುಗಳಲ್ಲಿ ಸವಳು ನೀರು, ಅಂದರೆ ಉಪ್ಪಿನಂಶ ಬೆರೆತ ನೀರು, ಎಲ್ಲರಿಗೂ ತಿಳಿದಿರುವ ಸಂಗತಿ. ಅಂಥ ನೀರು ಮಣ್ಣಿನ ರಂಧ್ರಗಳಲ್ಲಿ ಜಿನುಗಿ ಆರಿದಾಗ ಲವಣ ಹಿಂದೆಯೇ ಉಳಿದು, ಪಾತ್ರೆಯ ಹೊರಮೈ ಬೆಳ್ಳಗೆ ಹುಡಿಗಟ್ಟಿ, ಕ್ರಮೇಣ ರಂಧ್ರಗಳು ಮುಚ್ಚಿಹೋಗಿ ತಂಪು ಕುಗ್ಗುತ್ತದೆ. ಬೇಸಿಗೆ ಬಂದಾಗ ಹೊಸ ಮಣ್ಣಿನ ಪಾತ್ರೆಯನ್ನು ಕೊಳ್ಳುವ ರೂಢಿಯ ಹಿಂದೆ ಇರುವ ಕಾರಣ ಇದು, ಮತ್ತು ಕುಂಬಾರನ ಕಸುಬಿಗೆ ವರ್ಷ ವರ್ಷವೂ ಗಿರಾಕಿಗಳನ್ನು ಒದಗಿಸುತ್ತಿದ್ದುದೂ ಇದೇ.

ಇದೇ ತತ್ತ್ವದ ಬೇರೆ ರೂಪಗಳು ಬೇರೆ ಸವಾರಿಗಳಲ್ಲಿ ಬಳಕೆಯಲ್ಲಿದ್ದವು. ಎತ್ತು ಅಥವಾ ಕೋಣದ ಬೆನ್ನಿನ ಮೇಲೆ ಹೇರುವ ದೊಡ್ಡ ತೊಗಲ ಚೀಲವಾದ ಪಖಾಲಿಯು ಪಟ್ಟಣಗಳಿಗೂ ಸೈನ್ಯಗಳಿಗೂ ನೀರು ಪೂರೈಸುತ್ತಿತ್ತು. ಮೋಟಾರು ಬಂದ ಮೇಲೆ ಜೀಪು ಮತ್ತು ಲಾರಿಗಳ ಮುಂಭಾಗಕ್ಕೆ ದಪ್ಪ ಕ್ಯಾನ್ವಾಸ್ ಬಟ್ಟೆಯ ನೀರಿನ ಚೀಲವನ್ನು ತೂಗುಹಾಕುವ ಪದ್ಧತಿ ದೇಶದ ಒಣ ಪ್ರದೇಶಗಳಲ್ಲೆಲ್ಲ ಹರಡಿತು. ವಾಹನದ ವೇಗಕ್ಕೆ ಎದುರುಬರುವ ಗಾಳಿ ಆ ಚೀಲದ ಒದ್ದೆ ಮೈಯನ್ನು ಆರಿಸಿ ನೀರನ್ನು ತಣ್ಣಗೆ ಮಾಡುತ್ತಿದ್ದುದರಿಂದ, ಚಕ್ರಗಳು ಉರುಳಿದಷ್ಟು ಹೊತ್ತೂ ತಂಪು ತಾನಾಗಿ ಹುಟ್ಟುತ್ತಿತ್ತು.

ನೀರಿನ ಆವಿಯಿಂದ ತಂಪು ಪಡೆಯುವ ವಿದ್ಯೆಯನ್ನು ಅರಸರು ಕಟ್ಟಡಗಳ ಪ್ರಮಾಣಕ್ಕೆ ಬೆಳೆಸಿದರು. ವಿಜಯಪುರದ ಪೂರ್ವಕ್ಕೆ ಸುಮಾರು 16 ಕಿಲೋಮೀಟರು ದೂರದ ಕುಮಟಗಿಯಲ್ಲಿ ಆದಿಲಶಾಹಿ ಅರಸರು ಕೆರೆಯ ಬಳಿ ಬೇಸಿಗೆಯ ವಿಹಾರಮಂಟಪಗಳನ್ನು ಕಟ್ಟಿಸಿ, ಕೊಳವೆಗಳ ಮೂಲಕ ನೀರನ್ನು ಮೇಲಕ್ಕೆ ತಂದು ತುಂತುರಾಗಿ ಸುರಿಯುವ ಏರ್ಪಾಡನ್ನು ಮಾಡಿಸಿದ್ದರು. ನಗರದೊಳಗೆ 1620ರಲ್ಲಿ ಕಟ್ಟಿದ ತಾಜ್ ಬಾವಡಿಯ ಅಂಚಿನಲ್ಲಿ ಪಯಣಿಗರು ತಂಗಲು ಕಮಾನಿನ ಕೋಣೆಗಳಿದ್ದುವೆಂಬುದು ಪ್ರಸ್ತುತ ವಿಷಯಕ್ಕೆ ಹೆಚ್ಚು ಹತ್ತಿರದ ಸಂಗತಿ: ಅರಸನ ತಂಪು ಅರಮನೆಯಲ್ಲಿತ್ತು, ದಾರಿಹೋಕನ ತಂಪು ಬಾವಿಯ ದಂಡೆಯಲ್ಲಿತ್ತು. ಇದಕ್ಕಿಂತ ಭಿನ್ನವಾದ ಒಂದು ಉಪಾಯವನ್ನು ಮೊಗಲ ಆಸ್ಥಾನದ ಅಬುಲ್ ಫಜಲನ ಐನ್-ಇ-ಅಕ್ಬರಿ ವರ್ಣಿಸುತ್ತದೆ. ಒಂದು ಸೇರು ನೀರಿರುವ ಲೋಹದ ಹೂಜಿಯ ಬಾಯಿ ಮುಚ್ಚಿ, ಎರಡೂವರೆ ಸೇರು ಪೆಟ್ಲುಪ್ಪನ್ನು ಐದು ಸೇರು ನೀರಿಗೆ ಸುರಿದ ಪಾತ್ರೆಯಲ್ಲಿ ಆ ಹೂಜಿಯನ್ನು ಕಾಲು ಗಂಟೆಯ ಕಾಲ ತಿರುಗಿಸಿದರೆ ಒಳಗಿನ ನೀರು ತಣ್ಣಗಾಗುತ್ತದೆ. ಪೆಟ್ಲುಪ್ಪು ಎಂದರೆ ಮದ್ದುಗುಂಡಿಗೆ ಬಳಸುವ ಉಪ್ಪು. ಅದು ನೀರಿನಲ್ಲಿ ಕರಗುವಾಗ ಸುತ್ತಲಿನ ಶಾಖವನ್ನು ಹೀರುವುದೇ ಇದರ ಗುಟ್ಟು. 1686ರಲ್ಲಿ ವಿಜಯಪುರವನ್ನು ಗೆದ್ದ ಮೊಗಲ ಅರಸ ಔರಂಗಜೇಬನು ಮುಂದೆ ಕೃಷ್ಣೆಯ ದಂಡೆಯ ಗಲಗಲಿಯಲ್ಲಿ ಪಾಳೆಯ ಹೂಡಿದಾಗ, 1695ರಲ್ಲಿ ಇಟಲಿಯ ಪ್ರವಾಸಿ ಗೆಮೆಲಿ ಕರೇರಿ ಅಲ್ಲಿಗೆ ಬಂದು ಬಾದಶಹನನ್ನು ಕಂಡಿದ್ದನು; ಬಟ್ಟೆಯ ಗೋಡೆಗಳ ಆ ಸಂಚಾರಿ ನಗರಕ್ಕಿಂತ ದೊಡ್ಡ ಗಾಡಿಮನೆಯನ್ನು ಈ ಭಾಗದ ನೆಲ ಬಹುಶಃ ಎಂದೂ ಹೊತ್ತಿಲ್ಲ. ಇಂಥ ಪಾಳೆಯಗಳಿಗೆ ಸಾವಿರಾರು ಎತ್ತುಗಳ ಮೇಲೆ ಕಾಳು ಹೇರಿ ತರುತ್ತಿದ್ದ ಬಂಜಾರರ, ಅಂದರೆ ಲಮಾಣಿಗಳ, ವಂಶದವರು ಇಂದು ಇದೇ ಜಿಲ್ಲೆಯ ತಾಂಡಾಗಳಲ್ಲಿ ನೆಲೆನಿಂತಿದ್ದಾರೆ.

ನೀರಿನ ಕತೆಗಿಂತ ಅನ್ನದ ಕತೆ ಹೆಚ್ಚು ಸೂಕ್ಷ್ಮವಾದದ್ದು. ತತ್ರಾಣಿ ಕೊಡುವ 22, 24 ಡಿಗ್ರಿಯ ತಂಪು ಬಾಯಾರಿಕೆಗೆ ಸಾಕಾಗುತ್ತದೆಯೇ ಹೊರತು ಪಲ್ಯವನ್ನು ಎರಡು ದಿನ ಉಳಿಸಲು ಸಾಕಾಗುವುದಿಲ್ಲ. ಆಹಾರವನ್ನು ಕೆಡಿಸುವ ಸೂಕ್ಷ್ಮಜೀವಿಗಳು ಆ ಉಷ್ಣತೆಯಲ್ಲಿ ಚೆನ್ನಾಗಿಯೇ ಬೆಳೆಯುತ್ತವೆ, ಅವುಗಳ ಬೆಳವಣಿಗೆಯನ್ನು ಬಹಳ ನಿಧಾನಗೊಳಿಸಲು 4, 5 ಡಿಗ್ರಿಯ ಚಳಿ ಬೇಕು. ಆ ಚಳಿ ಎಟಕುವಂತಿರಲಿಲ್ಲವಾದ್ದರಿಂದ ಈ ಸೀಮೆಯ ಹೆಂಗಸರು ಚಳಿಯೇ ಬೇಡವಾದ ಅಡಿಗೆಯನ್ನು ರೂಪಿಸಿದರು; ಅದಕ್ಕೆ ಬುತ್ತಿ ಎಂದು ಹೆಸರು. ಬುತ್ತಿ ಎಂಬ ಮಾತನ್ನು ಕಟ್ಟಿಕೊಂಡು ಹೋಗುವ ಊಟ ಎಂದಷ್ಟೇ ಬಿಡಿಸಿದರೆ ಅದರ ಜಾಣ್ಮೆ ಕಾಣುವುದಿಲ್ಲ. ಬಡಿದು ತೆಳ್ಳಗೆ ಮಾಡಿದ ಜೋಳದ ರೊಟ್ಟಿಯನ್ನು ಬೇಯಿಸಿ, ಒಲೆಯ ಕಾವಿಗೆ ಒರಗಿಸಿ ತೇವವೆಲ್ಲ ಹಾರುವವರೆಗೆ ಒಣಗಿಸಿದಾಗ ಅದು ಕಟಕ ರೊಟ್ಟಿಯಾಗುತ್ತದೆ. ಬೂಷ್ಟಿಗೆ ಬೇಕಾದ ನೀರು ಅದರಲ್ಲಿ ಉಳಿದಿರುವುದಿಲ್ಲವಾದ್ದರಿಂದ ತೇವ ತಗಲದಂತೆ ಬಟ್ಟೆಯಲ್ಲಿ ಕಟ್ಟಿಟ್ಟರೆ ವಾರಗಟ್ಟಲೆ ಕೆಡುವುದಿಲ್ಲ. ಶೇಂಗಾ, ಗುರೆಳ್ಳು, ಅಗಸಿ ಇವುಗಳನ್ನು ಹುರಿದು, ಒಣಮೆಣಸಿನಕಾಯಿ, ಉಪ್ಪು, ಬೆಳ್ಳುಳ್ಳಿಗಳೊಡನೆ ಕುಟ್ಟಿದ ಪುಡಿಗೆ ಇಲ್ಲಿ ಹಿಂಡಿ ಎನ್ನುತ್ತಾರೆ. ಅದರ ಒಣತನ, ಉಪ್ಪು ಮತ್ತು ಖಾರ ಮೂರೂ ಸೇರಿ ಕಾವಲು ಕಾಯುತ್ತವೆ. ಶೇಂಗಾ ಹೋಳಿಗೆ ಮತ್ತು ಮಾದಲಿಗಳಲ್ಲಿ ಇದೇ ಕೆಲಸವನ್ನು ಬೆಲ್ಲ ಮಾಡುತ್ತದೆ. ಎಣ್ಣೆಯಲ್ಲಿ ಬೆಂದ ಬದನೆಕಾಯಿಯಂಥ ತೇವದ ಪದಾರ್ಥಗಳನ್ನು ಮೊದಲ ದಿನವೇ ಉಂಡು, ಮುಂದಿನ ದಿನಗಳಿಗೆ ರೊಟ್ಟಿ, ಹಿಂಡಿ, ಉಪ್ಪಿನಕಾಯಿಗಳನ್ನು ಉಳಿಸಿಕೊಳ್ಳುವ ಕ್ರಮವೂ ಬುತ್ತಿಯ ಶಾಸ್ತ್ರದೊಳಗೇ ಸೇರಿದ್ದು.

ಈ ಶಾಸ್ತ್ರದ ಅತ್ಯಂತ ಬುದ್ಧಿವಂತ ಅಂಶವು ಮೊಸರಿನ ಬುತ್ತಿಯಲ್ಲಿದೆ. ಅನ್ನವನ್ನು ಮೊಸರಿನಲ್ಲಿ ಕಲಸಿ ಹೊರಟರೆ ಮಧ್ಯಾಹ್ನದ ಹೊತ್ತಿಗೆ ಹುಳಿ ಅತಿಯಾಗುತ್ತದೆ. ಆದ್ದರಿಂದ ಅನ್ನಕ್ಕೆ ಕಾಸಿ ಆರಿಸಿದ ಹಾಲನ್ನು ಹೆಚ್ಚಾಗಿ ಹಾಕಿ, ಹೆಪ್ಪಿಗೆ ಬೇಕಾದಷ್ಟೇ ಮೊಸರನ್ನು ಬೆರೆಸಿ ಕಟ್ಟುತ್ತಾರೆ. ದಾರಿಯ ಬಿಸಿಲಿನ ಕಾವಿನಲ್ಲಿ ಆ ಹಾಲು ಹೆಪ್ಪಾಗುತ್ತ ಹೋಗಿ, ಬುತ್ತಿ ಬಿಚ್ಚುವ ಹೊತ್ತಿಗೆ ಹದವಾದ ಮೊಸರಾಗಿರುತ್ತದೆ. ಹಾಗೆ ಹುಟ್ಟಿದ ಹುಳಿ ಬೇರೆ ಕೆಡಕು ಜೀವಿಗಳನ್ನು ದೂರವಿಡುತ್ತದೆ. ಫ್ರಿಜ್ ಬಿಸಿಲಿನ ವಿರುದ್ಧ ಕಾದಾಡುತ್ತದೆ, ಬುತ್ತಿ ಆ ಬಿಸಿಲನ್ನೇ ಆಳಾಗಿ ದುಡಿಸಿಕೊಳ್ಳುತ್ತದೆ. ಈ ಎರಡು ಮಾರ್ಗಗಳಲ್ಲಿ ಎರಡನೆಯದನ್ನು ಬಡತನದ ಹೊಂದಾಣಿಕೆ ಎಂದು ಕಡೆಗಣಿಸುವುದು ದೊಡ್ಡ ಅನ್ಯಾಯವಾಗುತ್ತದೆ. ಹಲವು ತಲೆಮಾರುಗಳ ಕೈಗಳು ಪರೀಕ್ಷಿಸಿ, ಕೆಟ್ಟದ್ದನ್ನು ಬಿಟ್ಟು, ಒಳ್ಳೆಯದನ್ನು ಉಳಿಸಿಕೊಂಡು ಬಂದ ಪೂರ್ಣವಾದ ತಂತ್ರಜ್ಞಾನ ಅದು.

ಮಂಜುಗಡ್ಡೆಯ ಅಧ್ಯಾಯವನ್ನು ಇಲ್ಲಿ ಬೇಗ ದಾಟಬಹುದು, ಏಕೆಂದರೆ ಅದು ಬಹುಕಾಲ ಬಂದರು ಪಟ್ಟಣಗಳ ಮತ್ತು ಹಣವಂತರ ಸೊತ್ತಾಗಿತ್ತು. ಬಾಸ್ಟನ್ನಿನ ವ್ಯಾಪಾರಿ ಫ್ರೆಡರಿಕ್ ಟ್ಯೂಡರನ ಹಡಗು ಕೆರೆಗಳಲ್ಲಿ ಕೊಯ್ದ ಮಂಜುಗಡ್ಡೆಯನ್ನು ಮರದ ಹೊಟ್ಟಿನಲ್ಲಿ ಹೂತು 1833ರಲ್ಲಿ ಕಲ್ಕತ್ತೆಗೆ ತಂದಿತು. ಮದರಾಸಿನಲ್ಲಿ 1842ರಲ್ಲಿ ಎದ್ದ ಮಂಜುಗಡ್ಡೆಯ ಮನೆ ಇಂದಿಗೂ ನಿಂತಿದೆ. 1876ರಿಂದ 1878ರವರೆಗಿನ ಘೋರ ಬರಗಾಲದ ತರುವಾಯ ಗದಗದಿಂದ ವಿಜಯಪುರದ ಮೂಲಕ ಹೊಟಗಿಗೆ ಹೋಗುವ ರೈಲು ಮಾರ್ಗ 1884ರಲ್ಲಿ ತೆರೆಯಿತು. ಮೇಲ್ದರ್ಜೆಯ ಪ್ರಯಾಣಿಕರು ಬೇಸಿಗೆಯಲ್ಲಿ ರೈಲುಡಬ್ಬಿಯೊಳಗೆ ಮಂಜುಗಡ್ಡೆಯ ತೊಟ್ಟಿ ಇರಿಸಿಕೊಳ್ಳುವ, ಕಿಟಕಿಗೆ ಲಾವಂಚದ ಒದ್ದೆ ತಟ್ಟಿ ಕಟ್ಟುವ ಪದ್ಧತಿಗಳು ಬ್ರಿಟಿಷ್ ಭಾರತದಲ್ಲಿದ್ದುವು. 1934ರಲ್ಲಿ ಫ್ರಾಂಟಿಯರ್ ಮೇಲ್ ಗಾಡಿಗೆ ಸೇರಿಸಿದ ಹವಾನಿಯಂತ್ರಿತ ಡಬ್ಬಿಯೂ ಮಂಜುಗಡ್ಡೆಯ ಬಲದಿಂದಲೇ ತಣ್ಣಗಿರುತ್ತಿತ್ತು.

ಯಂತ್ರದ ತಂಪು ಹಳ್ಳಿಗಳನ್ನು ಮುಟ್ಟಿದ್ದು ಎರಡು ದಾರಿಗಳಲ್ಲಿ, ಮತ್ತು ಸಂಚಾರಿ ಮನೆಯ ಫ್ರಿಜ್ಜಿನ ಚರಿತ್ರೆಯಲ್ಲಿಯೂ ಇದೇ ಎರಡು ದಾರಿಗಳಿವೆ. ಮೊದಲನೆಯದು ಹೀರಿಕೆಯ ಫ್ರಿಜ್. ಸ್ಟಾಕ್‌ಹೋಮಿನ ತಾಂತ್ರಿಕ ವಿದ್ಯಾಲಯದಲ್ಲಿ ಓದುತ್ತಿದ್ದ ಬಾಲ್ಟ್‌ಜರ್ ಫಾನ್ ಪ್ಲಾಟೆನ್ ಮತ್ತು ಕಾರ್ಲ್ ಮುಂಟರ್ಸ್ ಎಂಬ ಇಬ್ಬರು ವಿದ್ಯಾರ್ಥಿಗಳು 1922ರಲ್ಲಿ ಇದನ್ನು ರೂಪಿಸಿದರು. 1925ರಲ್ಲಿ ಎಲೆಕ್ಟ್ರೋಲಕ್ಸ್ ಕಂಪನಿ ಅದನ್ನು ತನ್ನದಾಗಿಸಿಕೊಂಡಿತು. ಮುಚ್ಚಿದ ಕೊಳವೆಗಳೊಳಗೆ ಅಮೋನಿಯ, ನೀರು ಮತ್ತು ಜಲಜನಕ ಇರುತ್ತವೆ. ಒಂದು ದೀಪದ ಉರಿಯು ನೀರಿನಿಂದ ಅಮೋನಿಯವನ್ನು ಬಿಡಿಸುತ್ತದೆ, ಅದು ದ್ರವವಾಗಿ ಇಳಿದು ಜಲಜನಕದ ನಡುವೆ ಮತ್ತೆ ಆವಿಯಾಗುವಾಗ ಪೆಟ್ಟಿಗೆಯೊಳಗಿನ ಶಾಖವನ್ನು ಹೀರಿ, ಕೊನೆಗೆ ತಿರುಗಿ ನೀರಿನಲ್ಲಿ ಕರಗುತ್ತದೆ. ಚಲಿಸುವ ಭಾಗ ಒಂದೂ ಇಲ್ಲದ, ಸದ್ದಿಲ್ಲದ, ಸೀಮೆಎಣ್ಣೆಯಿಂದಲೂ ಅಡಿಗೆ ಅನಿಲದಿಂದಲೂ ನಡೆಯುವ ಈ ಪೆಟ್ಟಿಗೆ ವಿದ್ಯುತ್ತಿಲ್ಲದ ಊರುಗಳ ಆಸ್ಪತ್ರೆಗಳಿಗೂ ಪಶ್ಚಿಮದ ಕ್ಯಾರವಾನುಗಳಿಗೂ ಒಟ್ಟಿಗೇ ಒದಗಿತು. ಉರಿಯಿಂದ ತಂಪು ಹುಟ್ಟಿಸುವುದು ವಿಚಿತ್ರವೆನಿಸಿದರೂ, ಬಿಸಿಲನ್ನು ಬಳಸಿ ಅನ್ನ ಕಾಯುವ ಬುತ್ತಿಯ ನಾಡಿಗೆ ಆ ವಿಚಾರ ತೀರ ಪರಕೀಯವಾಗಬೇಕಾಗಿಲ್ಲ.

ಹೀರಿಕೆಯ ಫ್ರಿಜ್ಜಿನ ದೌರ್ಬಲ್ಯವು ನಡಿಗೆಯಲ್ಲಿದೆ. ಅದರೊಳಗಿನ ದ್ರವಗಳು ಹರಿಯುವುದು ತಮ್ಮ ಭಾರದಿಂದಲೇ ಆದ್ದರಿಂದ ಪೆಟ್ಟಿಗೆ ನೆಲಮಟ್ಟಕ್ಕೆ ಸರಿಯಾಗಿ ನಿಂತಿರಬೇಕು. ಓರೆಯಾಗಿ ನಿಂತ ಗಾಡಿಯಲ್ಲಿ ಬಹಳ ಹೊತ್ತು ಉರಿಸಿದರೆ ಹರಿವು ನಿಂತು, ಕುದಿಯುವ ಭಾಗ ಅತಿಯಾಗಿ ಕಾದು ಯಂತ್ರವೇ ಕೆಡಬಹುದು. ಚಲಿಸುವ ವಾಹನದಲ್ಲಿ ಅನಿಲದ ಉರಿಯನ್ನು ಹೊತ್ತಿಸಿಡುವುದು ಅಪಾಯಕಾರಿಯೂ ಹೌದು. ಹೀಗಾಗಿ ನಿಂತಾಗ ಚೆನ್ನಾಗಿ ದುಡಿದು ನಡೆಯುವಾಗ ಮುನಿಯುವ ಈ ಸಾಧನ ತತ್ರಾಣಿಯ ಗುಣಕ್ಕೆ ನೇರ ವಿರುದ್ಧವಾದದ್ದು.

ಭಾರತದ ಹಳ್ಳಿಗಳಲ್ಲಿ ತಂಪನ್ನು ದಾರಿಯ ಮೇಲೆ ಒಯ್ಯುವ ಕೆಲಸವನ್ನು ಎಲ್ಲಕ್ಕಿಂತ ಶ್ರದ್ಧೆಯಿಂದ ಮಾಡಿದ್ದು ಲಸಿಕೆಯ ವ್ಯವಸ್ಥೆ. 1985ರಲ್ಲಿ ಆರಂಭವಾದ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮದಲ್ಲಿ ಬಹುಪಾಲು ಲಸಿಕೆಗಳನ್ನು 2ರಿಂದ 8 ಡಿಗ್ರಿಯೊಳಗೆ ಕಾಯಬೇಕಾಗಿತ್ತು, ಆದರೆ ಹಳ್ಳಿಗಳಲ್ಲಿ ಕರೆಂಟು ಇಡೀ ದಿನ ಇರುತ್ತಿರಲಿಲ್ಲ. ಇದಕ್ಕಾಗಿ ಬಳಕೆಗೆ ಬಂದ ಮಂಜಿನ ಗೋಡೆಯ ಫ್ರಿಜ್ ದಿನದ 24 ಗಂಟೆಗಳಲ್ಲಿ 8 ಗಂಟೆ ವಿದ್ಯುತ್ತು ದೊರೆತರೂ ಸಾಕೆನ್ನುವಂಥದ್ದು. ಕರೆಂಟು ಇರುವಾಗ ತನ್ನ ಗೋಡೆಯೊಳಗಿನ ನೀರನ್ನು ಮಂಜಾಗಿಸಿ, ಕರೆಂಟು ಹೋದಾಗ ಆ ಮಂಜಿನ ಬಲದಿಂದ ಒಳಗಿನ ಚಳಿಯನ್ನು ಉಳಿಸಿಕೊಳ್ಳುತ್ತದೆ. ಅಲ್ಲಿಂದ ನಾಲ್ಕು ಮಂಜಿನ ಪೊಟ್ಟಣಗಳಿರುವ ಸಣ್ಣ ಪೆಟ್ಟಿಗೆಯನ್ನು ಹೆಗಲಿಗೆ ಹಾಕಿಕೊಂಡು ಆರೋಗ್ಯ ಸಹಾಯಕಿಯರು ಬಿಸಿಲಲ್ಲಿ ತಾಂಡಾದಿಂದ ತಾಂಡಾಕ್ಕೆ ನಡೆದರು. ವಿದ್ಯುತ್ತನ್ನು ಬ್ಯಾಟರಿಯಲ್ಲಿ ಕೂಡಿಡುವ ಬದಲು ಚಳಿಯನ್ನೇ ಕೂಡಿಡುವ ಈ ಉಪಾಯವು ಸಂಚಾರಿ ಮನೆಗೂ ಅಷ್ಟೇ ಹೊಂದುತ್ತದೆ.

ಎರಡನೆಯ ದಾರಿ ಕಂಪ್ರೆಸರ್ ಫ್ರಿಜ್ಜಿನದು, ಅಂದರೆ ಅನಿಲವನ್ನು ಮೋಟಾರಿನಿಂದ ಒತ್ತಿ ದ್ರವವಾಗಿಸಿ, ಮತ್ತೆ ಹಿಗ್ಗಿಸಿ ಚಳಿ ಪಡೆಯುವ, ಇಂದು ಮನೆಮನೆಯಲ್ಲಿರುವ ಯಂತ್ರದ್ದು. ಗೋದ್ರೆಜ್ ಸಂಸ್ಥೆ 1958ರಲ್ಲಿ ಭಾರತದಲ್ಲಿ ಫ್ರಿಜ್ ತಯಾರಿಸತೊಡಗಿತಾದರೂ, ಹಳ್ಳಿಗಳಲ್ಲಿ ಅದು ನೆಲೆಯೂರಲು ನಂಬಬಹುದಾದ ವಿದ್ಯುತ್ತು ಬರಬೇಕಾಯಿತು. ವಿಜಯಪುರ ಜಿಲ್ಲೆಗೆ ವಿದ್ಯುತ್ತು ಹಂಚುವ ಹುಬ್ಬಳ್ಳಿ ವಿದ್ಯುತ್ ಸರಬರಾಜು ಕಂಪನಿ 2002ರಲ್ಲಿ ಸ್ಥಾಪನೆಯಾಯಿತು. ಹೊಲದ ಪಂಪುಸೆಟ್ಟಿನ ತಂತಿಯನ್ನೂ ಮನೆಗಳ ತಂತಿಯನ್ನೂ ಬೇರ್ಪಡಿಸಿದ ನಿರಂತರ ಜ್ಯೋತಿ ಯೋಜನೆಯ ಉದ್ದೇಶ ಊರಿನ ಮನೆಗಳಿಗೆ ಕಡಿತವಿಲ್ಲದ ಕರೆಂಟು ಕೊಡುವುದಾಗಿತ್ತು. ಆಲಮಟ್ಟಿಯ 290 ಮೆಗಾವಾಟಿನ ಜಲವಿದ್ಯುತ್ ಕೇಂದ್ರವೂ ಕೂಡಗಿಯ 2,400 ಮೆಗಾವಾಟಿನ ಶಾಖೋತ್ಪನ್ನ ಕೇಂದ್ರವೂ ಇದೇ ಜಿಲ್ಲೆಯ ನೆಲದಲ್ಲಿ ಎದ್ದಿವೆ.

ಇಂಥ ಮನೆಯ ಫ್ರಿಜ್ಜನ್ನು ಗಾಡಿಗೆ ಏರಿಸಿದಾಗ ಲೆಕ್ಕ ಬದಲಾಗುತ್ತದೆ. ಅದಕ್ಕೆ ಬೇಕಾದದ್ದು 230 ವೋಲ್ಟಿನ ಪರ್ಯಾಯ ವಿದ್ಯುತ್ತು. ವಾಹನದಲ್ಲಿರುವುದು 12 ಅಥವಾ 24 ವೋಲ್ಟಿನ ನೇರ ವಿದ್ಯುತ್ತು. ಒಂದನ್ನು ಇನ್ನೊಂದಾಗಿ ಮಾರ್ಪಡಿಸುವ ಇನ್ವರ್ಟರು ತನ್ನ ಪಾಲಿಗೆ ಶೇಕಡ 10ರಿಂದ 15ರಷ್ಟನ್ನು ನುಂಗುತ್ತದೆ, ಮತ್ತು ಕಂಪ್ರೆಸರ್ ಚಾಲೂ ಆಗುವ ಕ್ಷಣದಲ್ಲಿ ಎಂದಿನ ಹಲವು ಪಟ್ಟು ವಿದ್ಯುತ್ತನ್ನು ಒಮ್ಮೆಗೇ ಒದಗಿಸುವ ಶಕ್ತಿ ಅದಕ್ಕಿರಬೇಕು. ದಿನಕ್ಕೆ ಒಂದು ಯೂನಿಟ್ ಬಳಸುವ ಫ್ರಿಜ್ಜಿಗೆ 12 ವೋಲ್ಟಿನ ಬ್ಯಾಟರಿಯಿಂದ, ಈ ನಷ್ಟವನ್ನೂ ಸೇರಿಸಿ, ದಿನಕ್ಕೆ ಸುಮಾರು 95 ಆಂಪಿಯರ್-ಗಂಟೆ ಬೇಕಾಗುತ್ತದೆ. ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಿದರೆ ಅದರ ಆಯುಸ್ಸು ತಗ್ಗುವುದರಿಂದ 200 ಆಂಪಿಯರ್-ಗಂಟೆಯ, 60 ಕಿಲೋದಷ್ಟು ತೂಗುವ ಸೀಸವನ್ನು ಹೊರಬೇಕು. ಲಿಥಿಯಂ ಬ್ಯಾಟರಿಯಾದರೆ ತೂಕ ಬಹಳ ಕಡಿಮೆ, ಬೆಲೆ ಬಹಳ ಹೆಚ್ಚು. ಮಾಡಿನ ಮೇಲೆ 400 ವಾಟಿನ ಸೌರಫಲಕ ಹಾಸಿದರೆ ಈ ಸೀಮೆಯ ಬಿಸಿಲಿನಲ್ಲಿ ದಿನಕ್ಕೆ ಒಂದೂವರೆ ಯೂನಿಟ್ಟಿನ ಮೇಲೆ ದೊರೆಯುತ್ತದೆಯಾದ್ದರಿಂದ, ಅನ್ನ ಕೆಡಿಸುವ ಬಿಸಿಲೇ ಅನ್ನ ಕಾಯುವ ಕೆಲಸಕ್ಕೆ ಮರಳಿ ಬಂದಂತಾಗುತ್ತದೆ.

ಲೆಕ್ಕದಲ್ಲಿ ಕಾಣದ ಇನ್ನೂ ಕೆಲವು ಸಂಗತಿಗಳಿವೆ. ಫ್ರಿಜ್ ಎಷ್ಟು ಸೆಕೆಯ ಕೋಣೆಯಲ್ಲಿ ಸರಿಯಾಗಿ ದುಡಿಯಬಲ್ಲದು ಎಂಬುದನ್ನು ಅದರ ಹವಾಮಾನ ವರ್ಗ ತಿಳಿಸುತ್ತದೆ; ಉಷ್ಣವಲಯದ ವರ್ಗದ ಯಂತ್ರಕ್ಕೂ ಮಿತಿ 43 ಡಿಗ್ರಿ. ಮೇ ತಿಂಗಳ ಬಿಸಿಲಿನಲ್ಲಿ ಕಿಟಕಿ ಮುಚ್ಚಿ ನಿಲ್ಲಿಸಿದ ವಾಹನದ ಒಳಗು ಆ ಮಿತಿಯನ್ನು ಸುಲಭವಾಗಿ ದಾಟುತ್ತದೆ; ಆಗ ಕಂಪ್ರೆಸರ್ ಬಿಡುವಿಲ್ಲದೆ ಓಡಿದರೂ ಒಳಗೆ ಚಳಿ ನಿಲ್ಲದೆ, ಬ್ಯಾಟರಿ ಮಾತ್ರ ಬರಿದಾಗುತ್ತದೆ. ಫ್ರಿಜ್ಜಿನ ಹಿಂಬದಿಗೆ ಗಾಳಿಯಾಡುವ ತೆರವು, ತಿರುವಿನಲ್ಲಿ ಬಾಗಿಲು ತೆರೆದುಕೊಳ್ಳದಂತೆ ಚಿಲಕ, ಕುಲುಕಾಟ ತಡೆಯುವ ರಬ್ಬರಿನ ಮೆತ್ತೆ, ಇವಿಲ್ಲದೆ ಮನೆಯ ಫ್ರಿಜ್ ಗಾಡಿಯ ಫ್ರಿಜ್ ಆಗುವುದಿಲ್ಲ. ಓಡುವಾಗ ಎಂಜಿನ್ನಿನ ಆಲ್ಟರ್ನೇಟರ್ ವಿದ್ಯುತ್ತು ಹುಟ್ಟಿಸುತ್ತ ಬ್ಯಾಟರಿಯನ್ನು ತುಂಬುತ್ತದೆ, ನಿಂತ ಕೂಡಲೇ ಕೂಡಿಟ್ಟದ್ದು ಕರಗತೊಡಗುತ್ತದೆ. ಆದ್ದರಿಂದ ಹೀರಿಕೆಯ ಫ್ರಿಜ್ಜಿಗೆ ನಡಿಗೆ ಶತ್ರುವಾದರೆ ಮನೆಬಳಕೆಯ ಫ್ರಿಜ್ಜಿಗೆ ನಿಲುಗಡೆಯೇ ಶತ್ರು. ಅಮೆರಿಕದಲ್ಲಿ ಇತ್ತೀಚಿನ ದಶಕಗಳಲ್ಲಿ ದೊಡ್ಡ ಸಂಚಾರಿ ಮನೆಗಳು ಹೀರಿಕೆಯ ಪೆಟ್ಟಿಗೆಯನ್ನು ಬಿಟ್ಟು ಮನೆಯ ಫ್ರಿಜ್ಜಿಗೆ ಹೊರಳಿದ್ದಕ್ಕೆ ಬ್ಯಾಟರಿ ಮತ್ತು ಇನ್ವರ್ಟರುಗಳ ಸುಧಾರಣೆಯೇ ಮುಖ್ಯ ಕಾರಣ. ಭಾರತದಲ್ಲಿಯೂ ಕೇರಳವು 2021ರಲ್ಲಿ ಕ್ಯಾರವಾನ್ ಪ್ರವಾಸಕ್ಕೆಂದೇ ನೀತಿಯೊಂದನ್ನು ಪ್ರಕಟಿಸಿತು.

ಮೋರಟಗಿ ಸೀಮೆಯ ಯಾತ್ರಿಕರು ಇಂದು ಚಕ್ಕಡಿಯ ಬದಲು ಕ್ರೂಸರ್ ವಾಹನಗಳಲ್ಲಿ, ಟೆಂಪೊಗಳಲ್ಲಿ, ಟ್ರ್ಯಾಕ್ಟರುಗಳಲ್ಲಿ ಹೊರಡುತ್ತಾರೆ. ತತ್ರಾಣಿಯ ಜಾಗಕ್ಕೆ ಪ್ಲಾಸ್ಟಿಕ್ಕಿನ ನೀರಿನ ಜಾರುಗಳೂ ಥರ್ಮಾಕೋಲಿನ ಪೆಟ್ಟಿಗೆಗಳೂ ಬಂದಿವೆ. ಬುತ್ತಿ ಮಾತ್ರ ಹಾಗೆಯೇ ಉಳಿದಿದೆ, ಏಕೆಂದರೆ ಅದರ ಸ್ಥಾನಕ್ಕೆ ನಿಲ್ಲಬಲ್ಲದ್ದು ಇನ್ನೂ ಹುಟ್ಟಿಲ್ಲ. ಫ್ರಿಜ್ಜಿರುವ ಗಾಡಿಯನ್ನು ಸಿದ್ಧಪಡಿಸುವವರು ಬುತ್ತಿಯ ಕ್ರಮವನ್ನು ಅರಿತರೆ ಅವರ ಬ್ಯಾಟರಿಯ ಭಾರ ಅರ್ಧಕ್ಕೆ ಇಳಿದೀತು: ಒಣಗಿಸಬಹುದಾದುದನ್ನು ಒಣಗಿಸಿ, ಹುಳಿಯಿಂದ ಉಳಿಯುವುದನ್ನು ಹುಳಿಗೆ ಬಿಟ್ಟು, ಕುಡಿಯುವ ನೀರನ್ನು ಮಣ್ಣಿನ ಪಾತ್ರೆಗೆ ಒಪ್ಪಿಸಿದರೆ, ನಿಜವಾಗಿ ಚಳಿ ಬೇಕಾದ ಹಾಲು ಮತ್ತು ಔಷಧಿಗಳಿಗೆ ಸಣ್ಣದೊಂದು ಪೆಟ್ಟಿಗೆ ಸಾಕಾಗುತ್ತದೆ. ತತ್ರಾಣಿಯನ್ನು ತಿರುಗಣೆಯ ಮೇಲೆ ಎತ್ತಬಲ್ಲ ಕುಂಬಾರರು ಇರುವಾಗಲೇ ಸೀಮೆಯ ಶಾಲೆಗಳೂ ಕಾಲೇಜುಗಳೂ ಅದರ ಆಕಾರ, ಮಣ್ಣಿನ ಹದ, ಸುಡುವ ಕ್ರಮಗಳನ್ನು ಬರೆದಿಟ್ಟುಕೊಳ್ಳಬೇಕು.

ಮಣ್ಣಿನ ಪಾತ್ರೆಯ ಈ ವಿದ್ಯೆ ಇಂದಿಗೂ ಜೀವಂತವಾಗಿರುವ ಒಂದು ಕಡೆ ಇದೇ ಜಿಲ್ಲೆಯಲ್ಲಿದೆ. ವಿಜಯಪುರದಿಂದ ದಕ್ಷಿಣಕ್ಕೆ ಹೋಗುವ ಹೆದ್ದಾರಿಯಲ್ಲಿ, ಹಿಂದೆ ಬಸವನ ಬಾಗೇವಾಡಿ ತಾಲ್ಲೂಕಿಗೆ ಸೇರಿದ್ದ ಕೊಲ್ಹಾರವು ಮೊಸರಿಗೆ ಹೆಸರಾದ ಊರು. ಎಮ್ಮೆಯ ಹಾಲನ್ನು ಚೆನ್ನಾಗಿ ಕಾಸಿ ಮಣ್ಣಿನ ಗಡಿಗೆಯಲ್ಲಿ ಹೆಪ್ಪು ಹಾಕಿದಾಗ ಗಡಿಗೆಯ ಮೈ ಮೊಸರಿನ ನೀರನ್ನು ಹೀರಿ ಹೊರಗೆ ಆರಿಸುತ್ತದೆ. ಹಾಗೆ ಅದೇ ಪಾತ್ರೆ ಮೊಸರನ್ನು ಗಟ್ಟಿಯಾಗಿಸುವ ಕೆಲಸವನ್ನೂ ತಣ್ಣಗಿಡುವ ಕೆಲಸವನ್ನೂ ಒಟ್ಟಿಗೆ ಮಾಡುತ್ತದೆ. ಹಳೆಯ ಕೊಲ್ಹಾರ ಆಲಮಟ್ಟಿಯ ಹಿನ್ನೀರಿನಲ್ಲಿ ಮುಳುಗಿ ಊರು ಬೇರೆಡೆಗೆ ಎದ್ದು ಹೋಯಿತಾದರೂ ಮೊಸರಿನ ವ್ಯಾಪಾರ ನಿಲ್ಲಲಿಲ್ಲ. ಹೊಸ ಊರಿನ ಹೆದ್ದಾರಿಯ ಬದಿಯಲ್ಲಿ ಅದನ್ನು ಇಂದಿಗೂ ಮಣ್ಣಿನ ಗಡಿಗೆಯಲ್ಲಿಯೇ ಮಾರುತ್ತಾರೆ, ದಾರಿಹೋಕರು ಗಡಿಗೆಯ ಸಮೇತ ಕೊಂಡೊಯ್ಯುತ್ತಾರೆ.